ಬೊಳ್ಳದ ಗೆರೆ

ಡಿಸ್ಟೆಂಪರಿನ ವಾಸನೆ ಬಡಿದರೆ ನನಗೆ ಮೊದಲು ಸೀನು ಬರುತ್ತದೆ, ಆಮೇಲೆ ಮಾವ ನೆನಪಾಗುತ್ತಾರೆ. ಎರಡಕ್ಕೂ ಡಾಕ್ಟರರಲ್ಲಿ ಮದ್ದಿಲ್ಲ. ಕಳೆದ ವಾರ ಮೊಮ್ಮಗನ ನಿಶ್ಚಿತಾರ್ಥದ ನೆಪದಲ್ಲಿ ಮನೆಗೆ ಬಣ್ಣ ಹಚ್ಚಿಸುತ್ತಿದ್ದೆವು. ಪೇಂಟರ್ ಉಮೇಶ ಚಾವಡಿಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕಿದ್ದ ಕೆಂಪು ಗೆರೆಯೆದುರು ಕೂತು, "ಅಮ್ಮ, ಇದನ್ನು ಮುಚ್ಚುವುದಾ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಮಗ ಪ್ರಕಾಶ ಒಳಗಿಂದ, "ಮುಚ್ಚು ಮಾರಾಯ, ಹೆಣ್ಣಿನ ಕಡೆಯವರು ಬರ್ಲಿಕ್ಕುಂಟು" ಎಂದ.

ನೀವು ಬಂಟ್ವಾಳ ಪೇಟೆಯವರಲ್ಲದಿದ್ದರೆ ಈ ಗೆರೆಯ ಮಹಿಮೆ ಹೇಳಬೇಕು. ನೇತ್ರಾವತಿ ಉಕ್ಕಿ ಬೀದಿಗೆ ಬರುವುದಕ್ಕೆ ತುಳುವಿನಲ್ಲಿ ಬೊಳ್ಳ ಎನ್ನುತ್ತೇವೆ. ಬೊಳ್ಳ ಇಳಿದ ಮೇಲೆ ನೀರು ಎಲ್ಲಿವರೆಗೆ ಬಂದಿತ್ತೆಂದು ಗೋಡೆಯಲ್ಲಿ ಗೆರೆ ಎಳೆಯುವುದು ನಮ್ಮ ಬೀದಿಯ ಪದ್ಧತಿ. ಮುಂದಿನವರಿಗೆ ಎಚ್ಚರಿಕೆಯಾಗಲಿ ಎಂದು ಯಾರೋ ಪುಣ್ಯಾತ್ಮರು ಶುರು ಮಾಡಿರಬೇಕು. ಆದರೆ ಗೆರೆ ಕೆಳಗಿದ್ದಷ್ಟೂ ಮನೆ ಎತ್ತರದಲ್ಲಿದೆ ಎಂದರ್ಥ; ಮನೆ ಎತ್ತರದಲ್ಲಿದ್ದರೆ ಮನೆತನವೂ ಎತ್ತರದ್ದು. ಹಾಗಾಗಿ ಗೆರೆಗಳು ವರ್ಷ ಹೋದ ಹಾಗೆ ಇಳಿಯತೊಡಗಿದವು. ನಮಗೂ ಪಕ್ಕದ ಸಂಜೀವಣ್ಣನಿಗೂ ನಡುವೆ ಒಂದೇ ಗೋಡೆ. ನಮ್ಮ ಬದಿಯಲ್ಲಿ ಗೆರೆ ಮೊಣಕಾಲಿಗೆ, ಅವರ ಬದಿಯಲ್ಲಿ ಪಾದದ ಗಂಟಿಗೆ. ಅವರಿಗೆ ಮೂವರು ಹೆಣ್ಣುಮಕ್ಕಳು. ಒಂದೊಂದು ಸಂಬಂಧ ಬಂದಾಗಲೂ ಗೆರೆ ಒಂದು ಗೇಣು ಇಳಿಯುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ‘ವಾಟರ್ ಫೈಂಡ್ಸ್ ಇಟ್ಸ್ ಓನ್ ಲೆವೆಲ್’ ಎಂದು ಕಲಿಸಿದ್ದರು. ಪಾಪ, ಅವರು ನಮ್ಮ ಬೀದಿ ನೋಡಿದವರಲ್ಲ. ಇಲ್ಲಿ ನೀರು ಕುಲಗೋತ್ರ ಕೇಳಿಕೊಂಡು ಒಳಗೆ ಬರುತ್ತದೆ.

ನಾನು ಮೂಡುಬಿದಿರೆಯವಳು. ಎಪ್ಪತ್ತರ ದಶಕದ ಆರಂಭದಲ್ಲಿ ನನ್ನ ಅಪ್ಪ ಸಂಬಂಧಕ್ಕೆಂದು ಮನೆ ನೋಡಲು ಬಂದವರು ಈ ಗೆರೆಯೆದುರೇ ಕೂತು ಕಾಫಿ ಕುಡಿದು, "ಇಷ್ಟೇಯಾ?" ಎಂದಿದ್ದರಂತೆ. "ಇಷ್ಟೇ. ಬಂತು, ಕಾಲು ತೊಳೆದುಕೊಂಡಿತು, ಹೋಯ್ತು" ಎಂದಿದ್ದರು ಮಾವ. ಅಪ್ಪ ಅದನ್ನು ಊರಿಡೀ ಹೊಗಳಿದರು: ಎಂಥ ಮನೆ, ನದಿ ಕೂಡ ಕಾಲು ತೊಳೆದೇ ಹೋಗ್ತದೆ.

ಪ್ರಕಾಶ ತೊಟ್ಟಿಲಲ್ಲಿದ್ದ ವರ್ಷದ ಆಟಿ ತಿಂಗಳ ಮಳೆಯಲ್ಲಿ ಬೊಳ್ಳ ಬಂತು. ನಮ್ಮ ಯಜಮಾನರು ಬೊಂಬಾಯಿಯ ಹೋಟೆಲಿನಲ್ಲಿ, ನಾದಿನಿ ಬೆಳ್ತಂಗಡಿಯ ಚಿಕ್ಕಮ್ಮನಲ್ಲಿ. ಮನೆಯಲ್ಲಿ ಮಾವ, ನಾನು, ಮಗು. ಬೆಳಿಗ್ಗೆ ನೀರು ಮೆಟ್ಟಿಲಿಗೆ ಬಂದಾಗಲೇ ದೋಣಿಯವನು, "ಶೆಟ್ರೆ, ಬಾಣಂತಿಯನ್ನು, ಮಗುವನ್ನು ಕಳಿಸಿ" ಎಂದ. ಮಾವ ಗೆರೆಯತ್ತ ಕೈ ತೋರಿಸಿದರು.

"ಹಿಂದಿನ ಆ ದೊಡ್ಡ ಬೊಳ್ಳಕ್ಕೇ ಇಲ್ಲಿವರೆಗೆ ಬಂದದ್ದು. ಇದು ಅದರ ಮೊಮ್ಮಗು."

ತೊಟ್ಟಿಲಿನ ಹಗ್ಗ ಎಳೆದು ಗೆರೆಯಿಂದ ಒಂದು ಮೊಳ ಮೇಲಕ್ಕೆ ಕಟ್ಟಿದರು. ಸಂಜೀವಣ್ಣನೂ ಕದಲಲಿಲ್ಲ, ಶೆಟ್ಟರಿಗಿಂತ ಮೊದಲು ಹೊರಟರೆ ತನ್ನ ಮನೆ ತಗ್ಗಿನದ್ದೆಂದು ಒಪ್ಪಿದ ಹಾಗಾಗುತ್ತದಲ್ಲ. ದೋಣಿ ಖಾಲಿಯೇ ಮುಂದೆ ಹೋಯಿತು.

ಮಧ್ಯಾಹ್ನಕ್ಕೆ ನೀರು ಗೆರೆ ಮುಟ್ಟಿತು. ಟಿಕೆಟಿಲ್ಲದವನನ್ನು ಬಸ್ಸಿನ ಕಂಡಕ್ಟರ್ ನೋಡುವ ಹಾಗೆ ಮಾವ ಅದನ್ನೇ ನೋಡುತ್ತ ನಿಂತರು. ನೀರು ಎಕ್ಸ್‌ಕ್ಯೂಸ್ ಮಿ ಕೂಡ ಹೇಳದೆ ದಾಟಿತು. ತೊಟ್ಟಿಲಿನ ತಳ ಒದ್ದೆಯಾಗಿ ಮಗು ಚೀರಿದಾಗ ಅವನನ್ನು ಎದೆಗವಚಿಕೊಂಡು ಅಟ್ಟದ ಏಣಿ ಹತ್ತಿದೆ. ಹಿಂದೆ ಮಾವ. ನಡುಗೋಡೆ ಅಟ್ಟದವರೆಗೆ ಬಂದಿರಲಿಲ್ಲ. ಆಚೆ ಬದಿಯಲ್ಲಿ ಸಂಜೀವಣ್ಣನ ಸಂಸಾರ ಆಗಲೇ ಕೂತಿತ್ತು.

"ಏನು ಶೆಟ್ರೆ, ನಿಮ್ಮಲ್ಲಿ ಮೊಣಕಾಲಿಗಲ್ವಾ?"

"ನಿನ್ನಲ್ಲಿ ಪಾದಕ್ಕಲ್ವಾ?"

"ಅದು ದೊಡ್ಡವಳ ಮದುವೆಗೆ ಇಳಿಸಿದ್ದು. ನಿಮ್ಮದು?"

ಮಾವ ನನ್ನ ಮುಖ ನೋಡಲಿಲ್ಲ. "ಇವಳ ಅಪ್ಪ ಬರುವ ದಿನ."

"ಹಾಗಾದರೆ ನಿಜವಾದದ್ದು ಎಲ್ಲಿತ್ತು ಮಾವ?" ಎಂದೆ.

"ಕೇಳುವುದೆಂತಕ್ಕೆ ಮಗಳೇ, ಬರ್ತಾ ಉಂಟಲ್ಲ. ನೀನೇ ನೋಡು."

ನೋಡಿದೆ. ನೀರು ಕ್ಯಾಲೆಂಡರಿನ ಮೊಳೆಯನ್ನು ನುಂಗಿ ನಿಂತಿತು. ಸಂಜೆ ಅದೇ ದೋಣಿಯವನು ಹಂಚು ತೆಗೆದು ನಮ್ಮೆಲ್ಲರನ್ನೂ ಇಳಿಸಿಕೊಂಡ. ಯಾವ ಮನೆಯವರು ಮೊದಲು ದೋಣಿ ಹತ್ತಿದರು ಎಂಬ ಬಗ್ಗೆ ಈ ಬೀದಿಯಲ್ಲಿ ಇಂದಿಗೂ ಒಮ್ಮತವಿಲ್ಲ.

ಕೆಸರು ತೊಳೆದ ಮೇಲೆ ಮಾವ ಕೆಂಪು ಬಣ್ಣದ ಡಬ್ಬಿ ತಂದರು. ಅಂತೂ ಮಾವ ಪಾಠ ಕಲಿತರು ಎಂದುಕೊಂಡೆ. ಅವರು ಹಳೆಯ ಗೆರೆಯನ್ನೇ ಇದ್ದ ಜಾಗದಲ್ಲೇ ನೀಟಾಗಿ ತಿದ್ದಿದರು. "ನಿನ್ನ ನಾದಿನಿ ಇದ್ದಾಳಲ್ಲ" ಎಂದರು. ಎಂಬತ್ತರ ಹೊತ್ತಿಗೆ ಅವಳನ್ನು ಪಾಣೆಮಂಗಳೂರಿನ ಹೊಳೆಬದಿಯ ಮನೆಗೇ ಕೊಟ್ಟರು. ಅಲ್ಲಿಯ ಗೆರೆ ಹೊಸ್ತಿಲಿಗಿಂತಲೂ ಕೆಳಗಿತ್ತು. ಮಾವ ಅದನ್ನು ನೋಡಿ ಪೂರ್ತಿ ನಂಬಿಬಂದರು.

ಈಗ ಉಮೇಶ ಬ್ರಷ್ ಹಿಡಿದು ನನ್ನನ್ನೇ ನೋಡುತ್ತಿದ್ದ.

"ಮುಚ್ಚು" ಎಂದೆ. "ಆಮೇಲೆ ಆ ಕ್ಯಾಲೆಂಡರಿನ ಮೊಳೆಯ ಹತ್ತಿರ ಹೊಸತು ಎಳೆ."

ಅವನು ಎದ್ದು ಕೈ ಎತ್ತಿದ. "ಇಷ್ಟಾ?"

"ಇನ್ನೆರಡು ಬೆರಳು ಮೇಲೆ."

ಪ್ರಕಾಶ ಓಡಿಬಂದ. "ಎಂತ ಅಮ್ಮ ಇದು? ಬಂದವರಿಗೆ ಎಂಥ ಇಂಪ್ರೆಷನ್ ಆದೀತು? ಎದ್ದು ಹೋದರೆ?"

"ಹೋಗಲಿ. ಬರುವ ಹುಡುಗಿಗೆ ತೊಟ್ಟಿಲು ಎಷ್ಟು ಮೇಲೆ ಕಟ್ಟಬೇಕೆಂದು ಗೊತ್ತಿರಲಿ. ಆವತ್ತು ಒದ್ದೆಯಾದದ್ದು ನಿನ್ನ ಬೆನ್ನು."

ಅವನು ಗೋಡೆಯ ಹತ್ತಿರ ಹೋಗಿ ನಿಂತ. ಹಸಿ ಗೆರೆ ಅವನ ನೆತ್ತಿಗಿಂತಲೂ ಮೇಲಿತ್ತು.