ಗಂಟುಬಾಲದ ಬೂದ

ಬೇಸಿಗೆ ಶುರುವಾಗುವ ಹೊತ್ತಿಗೆ ಅಂಜಿನಮ್ಮನ ಮೂರನೆಯ ಹೇಟೆ ಕೋಳಿಯ ಮರಿಗಳೂ ಒಂದುಳಿಯದೆ ಹೋದವು. ತಿಂದದ್ದು ಯಾರ ಮನೆಯದೂ ಅಲ್ಲದ ಬೆಕ್ಕುಗಳು. ಯಗಟಿ ಊರಿನ ಬಣವೆಗಳಲ್ಲೇ ಹುಟ್ಟಿ ಅಲ್ಲೇ ಬೆಳೆದಂಥವು. ಗಂಡ ತೀರಿಕೊಂಡ ಮೇಲೆ ಆ ಮನೆ ನಡೆಯುತ್ತಿದ್ದುದು ಕೋಳಿಗಳಿಂದ. ಇನ್ನೊಂದು ವರ್ಷ ಹೀಗೇ ಆದರೆ ಕೋಳಿ ಸಾಕುವುದನ್ನೇ ಬಿಡಬೇಕಾಗಿತ್ತು.

ಬೆಕ್ಕನ್ನು ಕೊಂದರೆ ಪಾಪವೆಂದು ಊರು ನಂಬಿತ್ತು. ಹಿಡಿದು ಚೀಲದಲ್ಲಿ ಕಟ್ಟಿ ಬೇರೆ ಊರಿನಲ್ಲಿ ಬಿಟ್ಟು ಬರುವುದು ರೂಢಿ. ಅಂಜಿನಮ್ಮನೂ ಮಂಕರಿಯ ಕೆಳಗೆ ಒಣಮೀನು ಇಟ್ಟು ಒಂದು ಗಂಡು ಬೆಕ್ಕನ್ನು ಹಿಡಿದಳು. ಬಸ್ಸು ಹತ್ತಿ ಕಡೂರಿಗೆ ಹೋದಳು. ಅಲ್ಲಿ ಯಗಟಿ ಬಸ್ಸಿಗೆ ಕಾಯುತ್ತಿದ್ದವನ ಕೈಯಲ್ಲೂ ಒಂದು ಚೀಲ. ಚೀಲ ಮಿಯಾಂ ಎಂದಿತು.

"ಎಲ್ಲಿಗಪ್ಪಾ ಅದು?"

"ಯಗಟಿ ತಾವ ಬಿಟ್ಟು ಬತ್ತೀನಿ ಕಣಮ್ಮ. ನಿಮ್ದು?"

"ಯಗಟೀದೇ. ಇಲ್ಲಿ ಬಿಡಾಕೆ ತಂದೀನಿ."

ಅವನು ನಕ್ಕುಬಿಟ್ಟ. "ಹಂಗಾದ್ರೆ ಇಲ್ಲೇ ಅದಲು ಬದಲು ಮಾಡ್ಕಳಾನ ಬನ್ನಿ."

ಅಂಜಿನಮ್ಮ ನಗಲಿಲ್ಲ. ಚೀಲ ಹೊತ್ತು ನೇರ ದನದ ಆಸ್ಪತ್ರೆಗೆ ನಡೆದು, ಸಂತತಿ ಬೆಳೆಯದಂತೆ ಇದಕ್ಕೂ ಬೀಜ ಒಡೆಯಿರಿ ಎಂದಳು. ಡಾಕ್ಟರು ಪಂಚಾಕ್ಷರಪ್ಪ ಚೀಲವನ್ನೇ ನೋಡಿದರು.

"ನಾನು ಹೋರಿಗೆ ಬೀಜ ಒಡೆಯೋನಮ್ಮ. ಬೆಕ್ಕಿಗೆ ಮಾಡ್ದೋನಲ್ಲ."

"ಹೋರೀನೇ ಬಗ್ಗಿಸೋ ಕೈಗೆ ಬೆಕ್ಕೇನು ಭಾರ್ವಾ ಸ್ವಾಮಿ?"

ಡಾಕ್ಟರು ಒಪ್ಪಿದರು, ಆದರೆ ಗಂಡಿಗೆ ಮಾತ್ರ. ಹೆಣ್ಣಿನ ಹೊಟ್ಟೆ ಕೊಯ್ಯುವ ಅನುಕೂಲ ಅಲ್ಲಿರಲಿಲ್ಲ. "ಒಂದೇ ಒಂದು ಗಂಡು ಉಳಿದ್ರೂ ನಿಮ್ಮ ಓಡಾಟವೆಲ್ಲ ದಂಡ, ತಿಳ್ಕೊಳ್ಳಿ," ಎಂದೂ ಹೇಳಿದರು.

ಆಗ ಎಪ್ಪತ್ತೆಂಟನೆಯ ಇಸವಿ. ಸಂತಾನಹರಣದ ಆಪರೇಷನ್ ಎಂದರೆ ಊರ ಗಂಡಸರು ಇನ್ನೂ ಬೆಚ್ಚುತ್ತಿದ್ದ ಕಾಲ. ಪಕ್ಕದ ಮನೆಯ ಲಕ್ಕಣ್ಣ ಜಗಲಿಯಿಂದಲೇ ಕೂಗಿದ: "ಎಮರ್ಜೆನ್ಸಿ ಮುಗೀತು ಅಂದ್ಕಂಡಿದ್ವಿ. ಬೆಕ್ಕುಗಳಿಗೆ ಈಗ ಬಂತಾ ಅಂಜಿನಕ್ಕ?"

"ಆವಾಗ ನಿನ್ನ ಬಿಟ್ರಲ್ಲ, ಅದೇ ತಪ್ಪಾಗಿರಾದು ಕಣೋ."

ಆ ಬೇಸಿಗೆಯಲ್ಲಿ ಅವಳು ಏಳು ಗಂಡು ಬೆಕ್ಕುಗಳನ್ನು ಆಸ್ಪತ್ರೆಗೆ ಸಾಗಿಸಿದಳು. ಎರಡು ಸಲ ಕೈ ಪರಚಿಸಿಕೊಂಡಳು. ತನ್ನ ಮನೆಯ ಬೂದನನ್ನು ಮಾತ್ರ ಮುಟ್ಟಲಿಲ್ಲ. ಅದು ಇಲಿ ಹಿಡಿಯುವ ಬೆಕ್ಕು, ಹೊಸಿಲು ದಾಟುವುದಿಲ್ಲ ಎಂದುಕೊಂಡಿದ್ದಳು. ತನ್ನದರ ವಿಷಯದಲ್ಲಿ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ.

ದೀಪಾವಳಿಯ ಮರುವಾರ ಲಕ್ಕಣ್ಣ ಒಂದು ಮರಿಯನ್ನು ಕತ್ತು ಹಿಡಿದೆತ್ತಿಕೊಂಡು ಬಾಗಿಲಿಗೆ ಬಂದ. ಅವನ ಬಣವೆಯಲ್ಲಿ ಐದು ಸಿಕ್ಕಿದ್ದವು.

"ನಿಮ್ಮನೆ ವಂಶ ಬೆಳ್ದೈತೆ ಅಂಜಿನಕ್ಕ. ಬಾಣಂತನ ಯಾರ್ದು?"

ಮರಿಯ ಬಾಲದ ತುದಿಯಲ್ಲಿ ಗಂಟಿತ್ತು. ಬೂದನ ಬಾಲದಲ್ಲಿ ಇದ್ದಂಥದೇ ಗಂಟು. ಊರಿನಲ್ಲಿ ಇನ್ನಾವ ಬೆಕ್ಕಿಗೂ ಅದಿರಲಿಲ್ಲ. ಅಂಜಿನಮ್ಮ ಗಂಟನ್ನು ಬೆರಳಿನಿಂದ ಒತ್ತಿ ನೋಡಿದಳು. ಒಳಗೆ ಹೋಗಿ ಚೀಲ ತಂದಳು.

"ಇದು ಎಂಟನೇದಾ?" ಎಂದರು ಡಾಕ್ಟರು.

"ಮೊದ್ಲನೇದಾಗಿ ತರ್ಬೇಕಿತ್ತು ಸ್ವಾಮಿ."

ಬೂದ ಮೂರು ದಿನ ಒಲೆಯ ಹಿಂದಿನಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ದಿನ ಇಲಿ ಹಿಡಿಯಿತು. ಆ ಐದು ಮರಿಗಳಲ್ಲಿ ಎರಡು ಗಂಡು. ಬಲಿತ ಮೇಲೆ ಅವೂ ಕಡೂರಿಗೆ ಹೋಗಿ ಬಂದವು. ಮರುವರ್ಷ ಹನ್ನೊಂದು ಕೋಳಿಮರಿಗಳಲ್ಲಿ ಒಂಬತ್ತು ಉಳಿದವು.

ಆದರೂ ಅಂಜಿನಮ್ಮ ನೆಮ್ಮದಿಯಾಗಿ ಕೂರಲಿಲ್ಲ. ಯಗಟಿಯಲ್ಲಿ ಯಾರಾದರೂ ಅಲುಗಾಡುವ ಚೀಲ ಹಿಡಿದು ಬಸ್ಸಿಳಿದರೆ, ಎದ್ದು ಹೋಗಿ ಎದುರಿಗೆ ನಿಲ್ಲುತ್ತಿದ್ದಳು. ಊರು, ಹೆಸರು ಏನೂ ಕೇಳುತ್ತಿರಲಿಲ್ಲ.

"ಗಂಡೋ ಹೆಣ್ಣೋ? ಚೀಲ ಬಿಚ್ಚಪ್ಪಾ."