ಬಾಗಿಲ ಹಿಂದಿನಿಂದ ಅಮ್ಮ ಹೇಳಿದ್ದು

“ಆ ಕಾಲದಲ್ಲಿ ಹಿರಿಯರನ್ನು ಮನೆಯಲ್ಲೇ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು!” ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನೋಡಿಕೊಳ್ಳುತ್ತಿದ್ದರು, ನಿಜ. ಯಾರು ನೋಡಿಕೊಳ್ಳುತ್ತಿದ್ದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈಚೆಗೆ ತುಮಕೂರಿನ ಒಂದು ಪುಸ್ತಕದ ಅಂಗಡಿಯಲ್ಲಿ ಮುಪ್ಪಿನ ಬಗ್ಗೆಯೇ ಒಂದು ಇಡೀ ಕಪಾಟು ಕಂಡೆ. ಅರವತ್ತಾದ ಮೇಲೆ ಏನು ತಿನ್ನಬೇಕು, ಎಪ್ಪತ್ತಾದ ಮೇಲೆ ಹೇಗೆ ನಡೆಯಬೇಕು, ಮನೆಯ ಹಿರಿಯರ ಆರೈಕೆ ಹೇಗೆ ಎಂದೆಲ್ಲ. ರಟ್ಟಿನ ಮೇಲೆ ಬೆಳ್ಳಿ ಕೂದಲಿನ, ಹಲ್ಲೆಲ್ಲ ಗಟ್ಟಿಯಾಗಿರುವ ನಗುಮುಖಗಳು. ಒಂದು ಪುಸ್ತಕ ತೆಗೆದು ಮೂಸಿದೆ, ಅದು ನನ್ನ ಹಳೆಯ ಚಾಳಿ. ಹೊಸ ಕಾಗದದ ವಾಸನೆಯ ಬೆನ್ನಿಗೇ ಹರಳೆಣ್ಣೆ, ಹೊಗೆಸೊಪ್ಪು, ಒದ್ದೆ ಕಂಬಳಿಯ ವಾಸನೆ ಬಂದ ಹಾಗಾಯಿತು. ನನಗೆ ಹತ್ತು ವರ್ಷವಾಗಿದ್ದಾಗಿನ ಬೇಸಿಗೆಯ ವಾಸನೆ ಅದು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾವು ತುಮಕೂರಿನ ಶಿರಾ ಗೇಟಿನ ಹಿಂದಿನ ಒಂದು ವಠಾರದಲ್ಲಿದ್ದೆವು. ಒಂದು ಹಜಾರ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ಅಪ್ಪ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಅಪ್ಪನ ತಾಯಿ, ನಮ್ಮಜ್ಜಿ, ಗುಬ್ಬಿ ಹತ್ತಿರದ ಕಡಬದ ಮನೆಯ ಹಿತ್ತಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಸ್ಪತ್ರೆ ಹತ್ತಿರ ಎಂದು ನಮ್ಮ ಮನೆಗೆ ಕರೆತಂದರು. ಹಜಾರದ ಗೋಡೆಯ ಪಕ್ಕ ಚಾಪೆ ಹಾಸಿ ಮಲಗಿಸಿದೆವು. ಆ ಚಾಪೆಯಿಂದ ಅಜ್ಜಿ ಮತ್ತೆ ಎದ್ದು ನಿಲ್ಲಲೇ ಇಲ್ಲ.

ಅಲ್ಲಿಂದ ಅಮ್ಮನ ಹಗಲು ರಾತ್ರಿ ಅಜ್ಜಿಯದಾಯಿತು. ಬಟ್ಟೆ ಬದಲಿಸುವುದು, ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದಂತೆ ಹೊರಳಿಸಿ ಎಣ್ಣೆ ಹಚ್ಚುವುದು, ಮಲಮೂತ್ರಕ್ಕೆ ಮಣ್ಣಿನ ಬೋಕಿ ಹಿಡಿಯುವುದು, ತೊಳೆಯುವುದು. ಅಜ್ಜಿಗೆ ಹಲ್ಲಿರಲಿಲ್ಲ. ಊಟವಾದ ಮೇಲೆ ಎಲೆ ಅಡಿಕೆ, ಒಂದು ಚಿಟಿಕೆ ಹೊಗೆಸೊಪ್ಪನ್ನು ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿ ಕೊಡಬೇಕಿತ್ತು. ಆ ಟಣ್ ಟಣ್ ಸದ್ದು ಕೇಳಿದರೆ ಸಾಕು, ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನಾನು ಬಿಲ್ಲೆ ಬಿಸಾಕಿ ಒಳಗೆ ಓಡುತ್ತಿದ್ದೆ. ಬಾಯಿ ಕೆಂಪಾದರೆ ಅಜ್ಜಿಯ ಮನಸ್ಸೂ ತಿಳಿಯಾಗುತ್ತಿತ್ತು. ಚಾಪೆಯ ಪಕ್ಕದ ನೆಲದಲ್ಲಿ ಸೀಮೆಸುಣ್ಣದ ಮನೆ ಬರೆದು, ಹುಣಸೆಬೀಜ ಉಜ್ಜಿ ದಾಳ ಮಾಡಿಕೊಂಡು, ಇಬ್ಬರೂ ಚೌಕಾಬಾರ ಆಡುತ್ತಿದ್ದೆವು. ಅಜ್ಜಿ ನಾಚಿಕೆಯಿಲ್ಲದೆ ಮೋಸ ಮಾಡುತ್ತಿದ್ದಳು. ಕೇಳಿದರೆ, “ಮುದ್ಕಿ ಕಣಮ್ಮಿ, ಕಣ್ಣು ಕಾಣಾಕಿಲ್ಲ ಬುಡು” ಎನ್ನುವಳು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಕುಣಿಗಲ್ಲಿನಲ್ಲಿ ಹೆಡ್ ಮೇಷ್ಟ್ರು. ಓದಿಕೊಂಡವರು. ನನಗೆ ಬಣ್ಣದ ಪೆನ್ಸಿಲ್ ತಂದುಕೊಡುತ್ತಿದ್ದವರು ಅವರೊಬ್ಬರೇ, ಅದನ್ನು ಇಲ್ಲವೆನ್ನಲಾರೆ. ಭಾನುವಾರ ಬೆಳಗಿನ ಬಸ್ಸಿಗೆ ಬಂದು, ಹಜಾರದ ಮಡಿಚುವ ಕುರ್ಚಿಯಲ್ಲಿ ಕೂರುತ್ತಿದ್ದರು. ಅವರು ಬಂದ ಕೂಡಲೇ ಅಮ್ಮ ಅಡುಗೆಮನೆ ಬಾಗಿಲ ಹಿಂದೆ ಸರಿಯುತ್ತಿದ್ದಳು. ನಮ್ಮ ಕಡೆ ತಮ್ಮನ ಹೆಂಡತಿ ಬಾವನ ಎದುರಿಗೆ ನಿಲ್ಲಬಾರದು, ಬಾಯಿಬಿಟ್ಟು ಮಾತಾಡಬಾರದು. ಹೇಳುವುದಿದ್ದರೆ ಮಕ್ಕಳ ಮೂಲಕ ಹೇಳಬೇಕು. ಆ ಮಗು ನಾನು. ಎರಡು ಮಾರು ದೂರದಲ್ಲಿ ಇಬ್ಬರಿಗೂ ಇಬ್ಬರ ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು. ಆದರೂ ನಡುವೆ ನಾನು ನಿಂತು ಒಪ್ಪಿಸಬೇಕಿತ್ತು. ಮೊದಮೊದಲು ಅದು ನನಗೆ ಒಂದು ಆಟದಂತಿತ್ತು.

ಆ ಬೇಸಿಗೆಯ ಒಂದು ಭಾನುವಾರ ದೊಡ್ಡಪ್ಪ ನೀಲಿ ರಟ್ಟಿನ ಪುಸ್ತಕವೊಂದನ್ನು ತಂದರು. ಮುಪ್ಪಿನಲ್ಲಿ ಆರೋಗ್ಯ ಕಾಪಾಡಿಕೊಳ್ಳುವ ಬಗ್ಗೆ ಬರೆದ ಪುಸ್ತಕ. ಅಲ್ಲಲ್ಲಿ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. “ಸರೋಜ, ಗೆರೆ ಹಾಕಿರೋದನ್ನ ಗಟ್ಟಿಯಾಗಿ ಓದು, ನಿಮ್ಮಮ್ಮಂಗೂ ಕೇಳಲಿ” ಎಂದರು. ನಾನು ಎದ್ದು ನಿಂತು, ಶಾಲೆಯಲ್ಲಿ ಓದುವಂತೆ ರಾಗವಾಗಿ ಓದಿದೆ. ವಯಸ್ಸಾದವರಿಗೆ ಉಪ್ಪು ಹಿತವಲ್ಲ. ಹೊಗೆಸೊಪ್ಪು ವಿಷಕ್ಕೆ ಸಮ. ಗಟ್ಟಿ ಆಹಾರ ಬೇಡ, ಗಂಜಿಯೇ ಲೇಸು. ದೊಡ್ಡಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅಜ್ಜಿ ಗೋಡೆ ಕಡೆ ತಿರುಗಿ ಗೊರಕೆ ಹೊಡೆಯುತ್ತಿದ್ದಳು.

“ಇವತ್ತಿಂದ ಅವ್ವಂಗೆ ಉಪ್ಪು ಬೇಡ, ಮುದ್ದೆ ಬೇಡ, ಎಲೆ ಅಡಿಕೆ ಮೊದಲೇ ಬೇಡ ಅಂತ ನಿಮ್ಮಮ್ಮಂಗೆ ಹೇಳು.”

ಬಾಗಿಲ ಹಿಂದಿನಿಂದ ಅಮ್ಮನ ದನಿ ಬಂತು. “ಅತ್ತೆ ಉಪ್ಪಿಲ್ದಿದ್ರೆ ಊಟ ಮುಟ್ಟಲ್ಲ, ಒಂದೊಂದಾಗಿ ಬಿಡಿಸೋಣ ಅಂತ ನಿಮ್ ದೊಡ್ಡಪ್ಪಂಗೆ ಹೇಳು.”

“ಪುಸ್ತಕ ಬರೆದೋರು ದೊಡ್ಡ ಡಾಕ್ಟ್ರು, ಅವ್ರಿಗಿಂತ ಹೆಚ್ಚು ಗೊತ್ತಾ ಅಂತ ಕೇಳು.”

ನಾನು ಬಾಗಿಲ ಕಡೆ ತಿರುಗಿದೆ. ಒಳಗೆ ಪಾತ್ರೆ ಸರಿಸಿದ ಸದ್ದಾಯಿತು. ಅಪ್ಪ ಜಗಲಿಯಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಅಣ್ಣ ಹೇಳಿದ ಮೇಲೆ ಮುಗಿಯಿತು ಎಂಬುದು ಅವರ ಲೆಕ್ಕ. ಮಧ್ಯಾಹ್ನ ಉಂಡು, ಬಾಳೆಹಣ್ಣು ತಿಂದು, ದೊಡ್ಡಪ್ಪ ಕುಣಿಗಲ್ಲಿನ ಬಸ್ಸು ಹತ್ತಿದರು. ಪುಸ್ತಕ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಸಂಜೆಯಿಂದಲೇ ಶುರುವಾಯಿತು. ಅಮ್ಮ ಗಂಜಿ ಕಾಯಿಸಿ ತಂದಳು. ಒಂದು ಗುಟುಕು ಕುಡಿದ ಅಜ್ಜಿ ಥೂ ಎಂದು ಉಗಿದಳು.

“ಇದ್ಕೆ ಉಪ್ಪೇ ಇಲ್ವಲ್ಲೇ ರತ್ನಿ?”

“ಬೇಡ ಅಂದವ್ರೆ ಅತ್ತೆ.”

“ಯಾರು ಅಂದೋರು?”

“ಬಾವ.”

“ನನ್ಮಗ ಅಂಗಂದಾನಾ? ಓದ್ದೋನು ಅವ್ನು. ಅವ್ವಂಗೆ ಉಪ್ಪಾಕ್ಬೇಡ ಅಂತಾನಾ? ನೀನೇ ಹೂಡಿರೋ ಆಟ ಇದು.”

ಅಮ್ಮ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ದಿನಾ ಇದೇ ಗೋಳು. ಅಜ್ಜಿ ಸೊರಗಿದಳು. ಕುಟ್ಟಾಣಿ ಅಟ್ಟಕ್ಕೆ ಹೋಯಿತು. ಚೌಕಾಬಾರಕ್ಕೆ ಕರೆದರೆ, “ಓಗಮ್ಮಿ” ಎಂದು ಮುಸುಕೆಳೆದುಕೊಳ್ಳುವಳು. ವಠಾರದಲ್ಲಿ ಯಾರ ಹೆಜ್ಜೆ ಸದ್ದು ಕೇಳಿದರೂ ತಲೆಯೆತ್ತಿ ಕೂಗುವಳು. “ನೋಡ್ರವ್ವಾ, ಸೊಸೆ ನನ್ನ ಉಪ್ಪಿಲ್ದಂಗೆ ಕೊಲ್ತಾವ್ಳೆ.” ಒಂದು ಮಧ್ಯಾಹ್ನ ಪಕ್ಕದ ಮನೆಯ ಫಾತಿಮಾಬಿ ಒಂದು ಹೋಳು ನಿಂಬೆ ಉಪ್ಪಿನಕಾಯಿ ತಂದು ಅಜ್ಜಿಯ ಅಂಗೈಗೆ ಹಾಕಿದರು. ಅಜ್ಜಿ ಅದನ್ನು ಬಚ್ಚಿಟ್ಟುಕೊಂಡು, ಕೈಬೆರಳೆಲ್ಲ ನೆಕ್ಕಿ ನೆಕ್ಕಿ ತಿಂದಳು. ಅಷ್ಟು ದೊಡ್ಡ ಹೆಂಗಸು, ಕಡಬದಲ್ಲಿ ಹತ್ತಾರು ಆಳಿಗೆ ಬುತ್ತಿ ಕಟ್ಟಿ ಕಳಿಸಿದವಳು, ಕದ್ದು ತಿನ್ನುವುದನ್ನು ನೋಡಿ ನನಗೆ ಅಳು ಬಂತು. ಫಾತಿಮಾಬಿ ಬಚ್ಚಲ ಹತ್ತಿರ ಹೋಗಿ ಅಮ್ಮನನ್ನು ನೇರವಾಗಿಯೇ ಕೇಳಿದರು.

“ಏನ್ ರತ್ನಮ್ಮ, ಮುದುಕರಿಗೆ ಇಂಗ್ ಮಾಡೋದಾ?”

ಅಮ್ಮ ಅಜ್ಜಿಯ ಬಟ್ಟೆ ಒಗೆಯುತ್ತಿದ್ದಳು. ಬಾವನ ಹೆಸರು ಬೀದಿಗೆ ಎಳೆಯಬಾರದು ಎಂದೋ ಏನೋ, ಬಟ್ಟೆಯನ್ನು ಮಾತ್ರ ಕಲ್ಲಿಗೆ ಜೋರಾಗಿ ಬಡಿದಳು.

ಸುದ್ದಿ ಗುಬ್ಬಿಗೂ ಮುಟ್ಟಿತು. ಅಲ್ಲಿ ಅಪ್ಪನ ಅಕ್ಕ, ನಮ್ಮ ಗುಬ್ಬಿ ಅತ್ತೆ ಇದ್ದರು. ಮುಂದಿನ ಭಾನುವಾರ ಕಂಕುಳಲ್ಲಿ ಅರ್ಧ ಹಲಸಿನಹಣ್ಣು ಇಟ್ಟುಕೊಂಡು ಬಸ್ಸಿಳಿದು ಬಂದರು. ದೊಡ್ಡಪ್ಪನೂ ಬಂದಿದ್ದರು. ಮನೆ ತುಂಬ ಹಲಸಿನ ಘಮ. ತೊಳೆ ಬಿಡಿಸುವುದಕ್ಕೆ ಕೈಗೆ ಎಣ್ಣೆ ಸವರಿಕೊಂಡು ಕೂತಿದ್ದೆ. ತಾಯಿಯ ಒಣಗಿದ ಮುಖ ನೋಡಿದ್ದೇ ಅತ್ತೆ ಎದೆ ಬಡಿದುಕೊಂಡರು.

“ಇದೇನವ್ವಾ, ಇಂಗಾಗೋಗಿದ್ದೀಯ!”

“ಈ ಮನೇಲಿ ಉಪ್ಪಿಗೂ ಬರ ಕಣವ್ವ. ನಿನ್ ತಮ್ಮನ ಹೆಂಡ್ತಿ ಕೊಡಾಕಿಲ್ಲ.”

ಅತ್ತೆ ಅಡುಗೆಮನೆ ಬಾಗಿಲಿಗೆ ತಿರುಗಿ ಬಾಯಿಗೆ ಬಂದದ್ದೆಲ್ಲ ಅಂದರು. ಕಟುಕಿ ಎಂದರು, ನಿನ್ನನ್ನು ಹೆತ್ತವಳಾಗಿದ್ದರೆ ಹೀಗೆ ಮಾಡುತ್ತಿದ್ದೆಯಾ ಎಂದರು. ನಾನು ದೊಡ್ಡಪ್ಪನ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ‘ನಾನೇ ಹೇಳಿದ್ದು’ ಎಂಬ ಎರಡೇ ಮಾತು. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಗೋಡೆಯ ಕ್ಯಾಲೆಂಡರ್ ನೋಡಿದರು. ಇಷ್ಟು ವರ್ಷವಾದರೂ ಆ ಒರೆಸುವ ಕೈಯನ್ನು ನಾನು ಕ್ಷಮಿಸಿಲ್ಲ.

“ದೊಡ್ಡಪ್ಪನೇ ಬೇಡ ಅಂದಿದ್ದು! ಪುಸ್ತಕದಲ್ಲಿ ಐತೆ, ನಾನೇ ಓದಿದ್ದು!” ಎಂದು ಕೂಗಿಬಿಟ್ಟೆ.

ಫಟ್ ಎಂದು ಕೆನ್ನೆಗೆ ಬಿತ್ತು. ಅಪ್ಪ! ಅಲ್ಲಿಯವರೆಗೆ ಎಂದೂ ಕೈ ಎತ್ತಿದವರಲ್ಲ. “ದೊಡ್ಡೋರು ಮಾತಾಡ್ವಾಗ ಮಧ್ಯೆ ಬಾಯಿ ಹಾಕ್ತೀಯೇನೇ?” ಎಂದರು.

ಆಗ ಬಾಗಿಲು ಪೂರ್ತಿ ತೆರೆಯಿತು. ಅಮ್ಮ ಪಿಂಗಾಣಿಯ ಉಪ್ಪಿನ ಜಾಡಿ ಹಿಡಿದುಕೊಂಡು ಹೊರಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ದೊಡ್ಡಪ್ಪನ ಕುರ್ಚಿಯ ಮುಂದೆ ಜಾಡಿ ಕುಕ್ಕಿದಳು. ಹತ್ತು ವರ್ಷದಲ್ಲಿ ನಾನು ಆ ದನಿಯನ್ನು ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ.

“ಬಾವ, ನಿಮ್ಮವ್ವ ಇಲ್ಲೇ ಅವ್ರೆ, ಉಪ್ಪೂ ಇಲ್ಲೇ ಐತೆ. ಹಾಕ್ಬೇಡ ಅಂದೋರು ಯಾರು ಅಂತ ನೀವೇ ಹೇಳ್ರಿ. ಹಾಕ್ಬೇಡಿ ಅನ್ನೋದಾದ್ರೆ ನಾಳೆಯಿಂದ ನೀವೇ ಗಂಜಿ ಕುಡಿಸಿ, ನೀವೇ ಬೈಸ್ಕೊಳ್ಳಿ. ನನ್ ಮಗಳ್ನ ಯಾಕೆ ಹೊಡಿಸ್ತೀರ?”

ದೊಡ್ಡಪ್ಪ ಅಮ್ಮನ ಕಡೆ ಕಣ್ಣೆತ್ತಲೂ ಇಲ್ಲ. ಅಪ್ಪನ ಕಡೆ ತಿರುಗಿ, “ನಿನ್ನ ಹೆಂಡ್ತಿಗೆ ಇಷ್ಟು ಬಾಯಿ ಯಾವಾಗ ಬಂತೋ?” ಎಂದರು. ಮೆಟ್ಟು ಹಾಕಿಕೊಂಡು ಹೊರಟೇಬಿಟ್ಟರು. “ಬಾವನ ಮುಂದೆ ಇಂಗೆ ನಿಂತ್ಕೊಳ್ಳೋದಾ, ಶಿವನೇ” ಎಂದು ಅತ್ತೆ ಗಲ್ಲ ಬಡಿದುಕೊಂಡರು. ನೋಡಿ, ಉಪ್ಪಿನ ಮಾತು ಅಲ್ಲಿಗೇ ಸತ್ತಿತು. ಯಾರು ಬೇಡ ಎಂದರು, ಮುದುಕಿ ಯಾಕೆ ಸೊರಗಿದಳು, ಒಬ್ಬರೂ ಕೇಳಲಿಲ್ಲ. ಅಮ್ಮ ಬಾಗಿಲು ದಾಟಿದಳು ಎಂಬುದೊಂದೇ ಗುಬ್ಬಿಯಿಂದ ಕುಣಿಗಲ್‌ವರೆಗೆ ಉಳಿದ ಸುದ್ದಿ.

ಅಜ್ಜಿ ಮಾತ್ರ ತುಂಬಾ ಹೊತ್ತು ಜಾಡಿಯನ್ನೇ ನೋಡುತ್ತಿದ್ದಳು. “ನಿಜವಾಗ್ಲೂ ಅವ್ನೇ ಅಂದ್ನಾ ರತ್ನಿ?” ಎಂದು ಕೇಳಿದಳು. ಅಮ್ಮ ಅಟ್ಟದಿಂದ ಕುಟ್ಟಾಣಿ ಇಳಿಸಿದಳು. ಆ ರಾತ್ರಿ ಅಜ್ಜಿ ಮೆತ್ತಗಿನ ಮುದ್ದೆಯನ್ನು ಉಪ್ಪು ಹಾಕಿದ ಬಸ್ಸಾರಿನಲ್ಲಿ ಅದ್ದಿ ಉಂಡು, ಎರಡು ತೊಳೆ ಹಲಸು ತಿಂದಳು. ಬಾಯಿ ಕೆಂಪು ಮಾಡಿಕೊಂಡು ನನ್ನ ಊದಿದ ಕೆನ್ನೆಯನ್ನು ಸವರಿದಳು. ಮಾರನೆಯ ದಿನ ಚೌಕಾಬಾರದಲ್ಲಿ ಮತ್ತೆ ಮೋಸ ಮಾಡಿದಳು.

ಆ ವರ್ಷದ ಮಳೆಗಾಲ ಮುಗಿಯುವ ಮೊದಲು ಅಜ್ಜಿ ತೀರಿಕೊಂಡಳು. ತಿಥಿಯ ದಿನ ಊಟದ ಪಂಕ್ತಿಯಲ್ಲಿ ಕೂತ ದೊಡ್ಡಪ್ಪ ಎಲ್ಲರಿಗೂ ಕೇಳುವಂತೆ, “ಪುಸ್ತಕದ ಪ್ರಕಾರ ನಡೆಸಿದ್ರೆ ಅವ್ವ ಇನ್ನೂ ಹತ್ತು ವರ್ಷ ಇರ್ತಿದ್ಲು” ಎಂದರು. ಪಂಕ್ತಿಗೆ ಪಂಕ್ತಿಯೇ ಹೌದೆಂದು ತಲೆಯಾಡಿಸಿತು. ನಾನು ಓಡಿಹೋಗಿ ಅಡುಗೆಮನೆ ಬಾಗಿಲಲ್ಲಿ ನಿಂತೆ. ಅಮ್ಮ ಏನಾದರೂ ‘ಹೇಳು’ ಎನ್ನಲಿ, ಹೊಡೆತ ಬಿದ್ದರೂ ಬೀಳಲಿ, ಹೋಗಿ ಗಟ್ಟಿಯಾಗಿ ಒಪ್ಪಿಸುತ್ತೇನೆ ಎಂದುಕೊಂಡಿದ್ದೆ. ಅಮ್ಮ ತಲೆಯ ಮೇಲೆ ಸೆರಗು ಹೊದ್ದುಕೊಂಡು ಪಾಯಸ ತಿರುವುತ್ತಿದ್ದಳು. “ಬಡಿಸೋಕೆ ತಗೊಂಡೋಗು” ಎಂದು ಬಕೆಟ್ ಕೊಟ್ಟಳು, ಅಷ್ಟೇ.

ಪುಸ್ತಕದಲ್ಲಿ ಸುಳ್ಳು ಬರೆದಿರಲಿಲ್ಲ. ಉಪ್ಪು ಕಡಿಮೆ ಮಾಡಬೇಕಿತ್ತೇನೋ, ಹೊಗೆಸೊಪ್ಪಂತೂ ಬಿಡಬೇಕಾದದ್ದೇ. ನನ್ನ ಸಿಟ್ಟು ಪುಸ್ತಕದ ಮೇಲಲ್ಲ. ಗೆರೆ ಎಳೆದ ಕೈ ಒಂದು ದಿನವೂ ಆ ಬೋಕಿ ಎತ್ತಲಿಲ್ಲ. ಎತ್ತಿದ ಕೈಯವಳನ್ನು ಒಂದು ಮಾತೂ ಕೇಳಲಿಲ್ಲ. ಬೈಗುಳವೆಲ್ಲ ಅವಳ ಪಾಲಿಗೆ ಬಂತು. ಅಂಗಡಿಯ ಕಪಾಟಿನ ಮುಂದೆ ನಿಂತು ಆ ಪುಸ್ತಕಗಳನ್ನು ಒಂದೊಂದಾಗಿ ತಿರುವಿ ಹಾಕಿದೆ. ಆರೈಕೆ ಮಾಡುವವರೂ ದಣಿವಾರಿಸಿಕೊಳ್ಳಬೇಕು, ಮನಸ್ಸು ಬಿಚ್ಚಿ ಮಾತಾಡಬೇಕು ಎಂದು ಈಗಿನವರು ಬರೆದಿದ್ದಾರೆ. ಸಂತೋಷ. ಆಗಿನ ನಮ್ಮಮ್ಮನಿಗೆ ಇದನ್ನು ಯಾರು ಓದಿ ಹೇಳುವುದು? ಆ ವಠಾರ ಹೋಯಿತು, ಕುಟ್ಟಾಣಿ ಎಲ್ಲಿ ಕಳೆಯಿತೋ ಗೊತ್ತಿಲ್ಲ, ಚೌಕಾಬಾರ ಆಡುವವರಿಲ್ಲ. ಅದಕ್ಕೆಲ್ಲ ನಾನು ಕೊರಗುವುದಿಲ್ಲ. ಆ ಭಾನುವಾರ ಹಜಾರದಲ್ಲಿ ಕೇಳಿದ ದನಿಯೊಂದಿತ್ತಲ್ಲ, ಅದನ್ನು ಆಮೇಲೆ ಎಂದೂ ಕೇಳಲಿಲ್ಲ. ನಾನು ಕಳೆದುಕೊಂಡದ್ದು ಅದನ್ನು.

ಅಮ್ಮನಿಗೆ ಈಗ ಅಂದಿನ ಅಜ್ಜಿಗಿಂತ ಹೆಚ್ಚು ವಯಸ್ಸು. ನನ್ನ ಜೊತೆಯಲ್ಲೇ ಇದ್ದಾಳೆ. ಮೊನ್ನೆ ಮಂಡಿನೋವೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನನ್ನ ಮಗನಷ್ಟು ವಯಸ್ಸಿನ ಹುಡುಗ, ಒಳ್ಳೆಯವನು. ರಕ್ತದೊತ್ತಡ ನೋಡಿ, ಕುರ್ಚಿಯನ್ನು ಅಮ್ಮನ ಹತ್ತಿರಕ್ಕೇ ಎಳೆದುಕೊಂಡ. “ಉಪ್ಪು ಸ್ವಲ್ಪ ಕಮ್ಮಿ ಮಾಡ್ಬೇಕು ಅಜ್ಜಿ. ಆಗುತ್ತಾ? ಕಷ್ಟ ಆದ್ರೆ ಹೇಳಿ, ಬೇರೆ ಏನಾದ್ರೂ ನೋಡೋಣ” ಎಂದ.

ಅಮ್ಮ ತಲೆಯ ಮೇಲೆ ಸೆರಗೆಳೆದುಕೊಂಡಳು. ನನ್ನ ಕೈ ಜಗ್ಗಿ, ಪಿಸುಗುಟ್ಟಿದಳು. “ಒಂದೇ ಸಲ ಬಿಡೋಕಾಗಲ್ಲ ಅಂತ ಅವ್ರಿಗೆ ಹೇಳು.”

“ಎದುರಿಗೇ ಕೂತವ್ರಲ್ಲಮ್ಮ, ಕೇಳ್ತಾನೂ ಅವ್ರೆ. ನೀನೇ ಹೇಳು” ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತು.

ಅಮ್ಮ ಸುತ್ತಲೂ ನೋಡಿದಳು. ಹಿಂದೆ ನಿಲ್ಲಲು ಅಲ್ಲಿ ಬಾಗಿಲಿರಲಿಲ್ಲ. ನನ್ನ ಬೆನ್ನ ಹಿಂದಕ್ಕೆ ಸರಿದು ಕೂತಳು.

“ನೀನೇ ಹೇಳ್ಬುಡು” ಎಂದಳು.