ಹೀರಪ್ಪ ಬರೆಯದ ಕಣ್ಣು

ಪೇಂಟರ್ ಹೀರಪ್ಪ ಗಾಂಜಾ ಮಾರುತ್ತಾನೆ ಎಂದು ನಾನು ಪೂರ್ತಿ ಒಂದು ತಿಂಗಳು ನಂಬಿದ್ದೆ. ಸುಮ್ಮನೆ ನಂಬಿ ಬಿಟ್ಟಿದ್ದರೆ ಸಾಕಿತ್ತು. ಕನ್ನಡ ಸಂಘದ ಸಹಕಾರ್ಯದರ್ಶಿಯಾದ ನಾನು ಏನಾದರೂ ಮಾಡಲೇಬೇಕು ಎಂದೂ ತೀರ್ಮಾನಿಸಿದ್ದೆ.

ಅದು ತೊಂಬತ್ತೊಂದರ ಡಿಸೆಂಬರ್. ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ನಮ್ಮ ಬಾಡಿಗೆ ಮನೆಯ ಹಿಂದೆಯೇ ಹೀರಪ್ಪನ ತಗಡಿನ ಶೆಡ್ಡು. ಇಬ್ಬರು ಬಿಳಿ ಹುಡುಗರು ಮೋಟರ್‌ಸೈಕಲ್ ಮೇಲೆ ಬರುವರು, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವರು, ಸಂಜೆ ಹೊರಗೆ ಬಂದಾಗ ಮುಖದ ಮೇಲೆ ಪರಮಾನಂದ. ಅಂಜುನಾ ಬೀಚಿನಿಂದ ಇಷ್ಟು ದೂರ ಅಂಗಡಿಯ ಬೋರ್ಡು ಬರೆಸಲು ಯಾರು ಬರುತ್ತಾರೆ?

ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೆ. ಕನ್ನಡಿಗರ ಮಾನ ಎಂಬ ವಿಷಯದ ಮೇಲೆ ಸಣ್ಣದೊಂದು ಭಾಷಣ ಬಾಯಿಪಾಠವಾಗಿತ್ತು. ಹೆಂಡತಿ ಮಂದಾಕಿನಿ ಬಾಗಿಲಲ್ಲಿ ನಿಂತು, "ಅಂವಾ ಗಾಂಜಾ ಮಾರತಿದ್ರ ಮನೀಗೆ ಸುಣ್ಣಾ ಹಚ್ಚಿಸ್ಕೊಳ್ತಿದ್ದನಲ್ರೀ. ಗ್ವಾಡಿ ನೋಡೀರೇನು?" ಎಂದಳು. ನಾನು ನೋಡಿರಲಿಲ್ಲ.

ಬಾಗಿಲು ತಳ್ಳಿದೆ. ಒಳಗೆ ಕತ್ತಲೆ, ಕತ್ತಲೆಯಲ್ಲಿ ಒಂದೇ ನೇರಳೆ ಬಣ್ಣದ ಟ್ಯೂಬ್‌ಲೈಟು. ಅದರ ಬೆಳಕಿನಲ್ಲಿ ಗೋಡೆಯಗಲದ ಬಟ್ಟೆಯ ಮೇಲೆ ಭಾರೀ ಹಸಿರು ಮೀಸೆಯೊಂದು ಧಗಧಗ ಉರಿಯುತ್ತಿತ್ತು. ಹುಡುಗರಿಬ್ಬರೂ ಅದರ ಮುಂದೆ ಪುರಾಣ ಕೇಳುವವರ ಹಾಗೆ ಕುಳಿತಿದ್ದರು.

"ಬರ್ರಿ ಸೆಕ್ರೆಟರಿ ಸಾಹೇಬ್ರ," ಎಂದ ಹೀರಪ್ಪ, ಕುಂಚ ಎತ್ತದೆ. "ನಿಮಗ ಇಂಗ್ಲೀಷ್ ಬರತೈತಲ್ಲ? ಈ ಹುಡುಗ್ರಿಗೆ ಹೇಳ್ರಿ, ಬಣ್ಣಾ ಒಣಗೂ ತನಾ ಮುಟ್ಟಬ್ಯಾಡ್ರಿ ಅಂತ. ಸಣ್ಣ ಹುಡುಗ್ರ ಗತೆ ಬೆರಳ ಹಚ್ಚತಾವ."

ಮಾನದ ಭಾಷಣ ಹೊಟ್ಟೆಯಲ್ಲೇ ಉಳಿಯಿತು. ನಾನು ದುಭಾಷಿಯಾದೆ.

ಹೀರಪ್ಪ ರೋಣದ ಕಡೆಯವನು. ಬಂದರಿನಲ್ಲಿ ಮ್ಯಾಂಗನೀಸ್ ಅದಿರಿನ ಬುಟ್ಟಿ ಹೊರಲು ಬಂದವನು, ಒಂದು ದಿನ ಲಾರಿಯೊಂದರ ಹಿಂದೆ ಅಳಿಸಿಹೋದ ಹೆಸರು ತಿದ್ದಿಕೊಟ್ಟ. ಆಮೇಲೆ ಬುಟ್ಟಿ ಮುಟ್ಟಲಿಲ್ಲ. ಲಾರಿ, ದೋಣಿ, ಬಾರು, ಹಿಟ್ಟಿನ ಗಿರಣಿ, ಎಲ್ಲದಕ್ಕೂ ಅವನದೇ ಅಕ್ಷರ. ಜಗಳಗಂಟ. ಬೋರ್ಡಿನಲ್ಲಿ ತಪ್ಪಿದೆ ಎಂದರೆ, "ಓದಾಕ ಬಂತಿಲ್ಲೋ?" ಎಂದು ಎದುರು ಕೇಳುವ ಜಾತಿ. ಮೀಸೆಯ ಮೇಲೆ ಅವನಿಗೆ ಅತಿಯಾದ ಪ್ರೀತಿ. ಯಾವ ದೇವರನ್ನು ಬರೆದರೂ ತನ್ನದೇ ಮೀಸೆ ಇಡುತ್ತಿದ್ದ. ಕೃಷ್ಣನಿಗೂ ಒಮ್ಮೆ ಇಟ್ಟು, ಗಿರಾಕಿ ಅತ್ತಮೇಲೆ ಅಳಿಸಿದ್ದ.

ಹುಡುಗರಲ್ಲಿ ಉದ್ದನೆಯವನು ಕಾಲಿನ್, ಗಿಡ್ಡನೆಯವನು ಡೆರಿಕ್. ಇಂಗ್ಲೆಂಡಿನವರು. ಇಬ್ಬರೇ ಸೇರಿ ಒಂದು ಬ್ಯಾಂಡು. ಹೆಸರು ಸ್ಲೋ ಡೈನಮೋ. ಡೋಲಿಲ್ಲ, ತಂತಿಯಿಲ್ಲ, ಹಾಡುವವರಿಲ್ಲ, ಎಲ್ಲವೂ ಕರೆಂಟು. ಅವರ ಕ್ಯಾಸೆಟ್ಟು ಕೇಳಿದೆ. ಹಿಟ್ಟಿನ ಗಿರಣಿಯ ಪಕ್ಕ ಕುಳಿತು ಯಾರೋ ಹಾರ್ಮೋನಿಯಂ ರಿಪೇರಿ ಮಾಡಿದಂತಿತ್ತು. ಅಂಜುನಾದ ದಂಡೆಯಲ್ಲಿ ಇದಕ್ಕೆ ಜನ ಸೂರ್ಯೋದಯದ ತನಕ ಕುಣಿಯುತ್ತಾರಂತೆ. ಅಲ್ಲಿ ಬೆನ್ನ ಹಿಂದೆ ಪರದೆಯಾಗಿ ಕಟ್ಟಲು ಇವರಿಗೊಂದು ಹೊಳೆಯುವ ದೇವರು ಬೇಕಾಗಿತ್ತು. ಯಾವ ದೇವರಾದರೂ ನಡೆಯುತ್ತದೆ ಎಂದಿದ್ದರು. ಹೀರಪ್ಪ ತನ್ನ ಮನೆದೇವರು ವೀರಭದ್ರನನ್ನು ರೇಡಿಯಂ ಬಣ್ಣದಲ್ಲಿ ಬರೆದ. ಕಿರೀಟ, ವಿಭೂತಿ, ಮೀಸೆ, ಕೋರೆಹಲ್ಲು, ಎಲ್ಲ ಆಯಿತು. ಕಣ್ಣಿನ ಜಾಗ ಖಾಲಿ ಬಿಟ್ಟು ಕುಂಚ ತೊಳೆದಿಟ್ಟ.

"ಕಣ್ಣು?" ಎಂದು ಕೇಳಿದ ಕಾಲಿನ್.

"ಬರಿಯಂಗಿಲ್ಲ," ಎಂದ ಹೀರಪ್ಪ ನನಗೆ. "ಕಣ್ಣ ಬಿಡಿಸಿದ್ರ ದೇವ್ರಾಕ್ಕಾನ. ಲಾರಿಯಂವಾ ಮುಂಜಾನೆದ್ದು ಊದಿನಕಡ್ಡಿ ಹಚ್ಚತಾನ, ಅವಂಗ ಬರದ ಕೊಡತೇನಿ. ಇವ್ರು ಹಚ್ಚತಾರೇನು? ಇವು ಎದ್ದೇಳೂದs ಮಧ್ಯಾಹ್ನಕ್ಕ."

ಇದನ್ನು ಇದ್ದ ಹಾಗೆ ಇಂಗ್ಲಿಷಿಗೆ ಹೇಳಿದ್ದರೆ ಒಂದು ನಿಮಿಷದ ಕೆಲಸ. ಆದರೆ ಊದಿನಕಡ್ಡಿಯಂಥ ಸಣ್ಣ ವಿಷಯವನ್ನು ಬಿ.ಎ. ಓದಿದವನ ಬಾಯಲ್ಲಿ ಹೊರಡಿಸುವುದು ಹೇಗೆ? ನಾನು ಗಂಟಲು ಸರಿಮಾಡಿಕೊಂಡೆ. ಈ ದೇವರು ಒಳಗೆ ನೋಡುತ್ತಿದ್ದಾನೆ ಎಂದೆ. ಹೊರಗಣ್ಣು ಮಾಯೆ ಎಂದೆ. ಕಾಲ ಕೂಡಿಬಂದಾಗ ಈ ಕಣ್ಣುಗಳು ತೆರೆಯುತ್ತವೆ, ಕಲಾವಿದನೇ ತೆರೆಯುತ್ತಾನೆ ಎಂದೂ ಸೇರಿಸಿದೆ. ಯಾಕೆ ಸೇರಿಸಿದೆ ಎಂದರೆ, ಡೆರಿಕ್ ಬಾಯಿ ತೆರೆದು ಕೇಳುತ್ತಿದ್ದ. ನನ್ನ ಮಾತನ್ನು ಹಾಗೆ ಕೇಳಿದವರು ಸಂಘದಲ್ಲಿ ಯಾರೂ ಇರಲಿಲ್ಲ.

"ಇಷ್ಟುದ್ದ ಏನ ಹೇಳಿದ್ರಿ?" ಎಂದ ಹೀರಪ್ಪ.

"ನೀ ಹೇಳಿದ್ದನ್ನs ಹೇಳಿದೆ."

"ಇಂಗ್ಲೀಷ್ ಭಾಳ ಉದ್ದ ಬಿಡ್ರಿ," ಎಂದು ಅವನು ಬೀಡಿ ಹಚ್ಚಿದ.

ಎರಡು ವರ್ಷದಲ್ಲಿ ಸ್ಲೋ ಡೈನಮೋ ದೊಡ್ಡದಾಯಿತು. ರೆಕಾರ್ಡಿನ ಹೊದಿಕೆಯ ಮೇಲೆ ಕಣ್ಣಿಲ್ಲದ ವೀರಭದ್ರ, ಅರ್ಥಾತ್ ಹೀರಪ್ಪನ ಮೀಸೆ. ಹಿಂಬದಿಯಲ್ಲಿ ವಾಸ್ಕೋದ ಪ್ರೊಫೆಸರರಿಗೆ ಕೃತಜ್ಞತೆ ಎಂದು ಅಚ್ಚಾಗಿತ್ತು. ಆ ಪ್ರೊಫೆಸರ್ ಅಂದರೆ ನಾನು, ಬಂದರಿನ ಹಡಗು ಏಜೆಂಟರ ಆಫೀಸಿನಲ್ಲಿ ಹೆಡ್‌ ಕ್ಲಾರ್ಕು. ಆ ಹೊದಿಕೆಯನ್ನು ಸಂಘದ ಸಭೆಗೆ ಒಯ್ದೆ, ಆಫೀಸಿಗೆ ಒಯ್ದೆ, ಒಂದು ಮುಂಜಿವೆಗೂ ಒಯ್ದೆ. ಹೀರಪ್ಪನ ಹೆಸರು ಎಲ್ಲೂ ಇರಲಿಲ್ಲ. ತೋರಿಸಿದಾಗ ಅವನು ಬೆಳಕಿಗೆ ಹಿಡಿದು, "ಮೀಸಿ ಚಲೋ ಬಂದೈತಿ," ಎಂದು ತಿರುಗಿ ಕೊಟ್ಟ.

ಪ್ರತಿ ಚಳಿಗಾಲ ಅವರು ಬರುತ್ತಿದ್ದರು. ಮೊದಲು ಒಂದೇ ಮೋಟರ್‌ಸೈಕಲ್ ಮೇಲೆ ಇಬ್ಬರು, ಆಮೇಲೆ ಒಂದು ಟ್ಯಾಕ್ಸಿಯಲ್ಲಿ, ಆಮೇಲೆ ಎರಡು ಟ್ಯಾಕ್ಸಿಯಲ್ಲಿ. ಜರ್ಮನಿ, ಜಪಾನು ಎಲ್ಲ ಕಡೆ ಆ ಬಟ್ಟೆ ಸುತ್ತಿಕೊಂಡು ತಿರುಗಿ ಬಂದರು. ಕಣ್ಣು ಯಾವಾಗ ತೆರೆಯುತ್ತದೆ ಎಂಬುದೇ ಅವರ ಅಭಿಮಾನಿಗಳ ದೊಡ್ಡ ಚರ್ಚೆಯಾಯಿತಂತೆ. ನನ್ನ ಒಂದು ಮಾತಿನ ಮೇಲೆ ಇಷ್ಟು ಜನ ಕುಣಿಯುತ್ತಿದ್ದಾರೆ ಎಂದು ನಾನು ರಸ್ತೆಯಲ್ಲಿ ಸ್ವಲ್ಪ ನಿಧಾನವಾಗಿ ನಡೆಯತೊಡಗಿದೆ. ಮಂದಾಕಿನಿ ಮಂಡಿನೋವೇ ಎಂದು ಕೇಳಿದಳು.

ಆಮೇಲೆ ಗಾಳಿ ತಿರುಗಿತು. ಮೂರನೆಯ ರೆಕಾರ್ಡು ಮುಗ್ಗರಿಸಿತು. ನಾಲ್ಕನೆಯದು ಬಂದದ್ದೇ ಯಾರಿಗೂ ತಿಳಿಯಲಿಲ್ಲ. ತೊಂಬತ್ತೆಂಟರ ಡಿಸೆಂಬರಿನಲ್ಲಿ ಇಬ್ಬರೂ ಬಟ್ಟೆಯ ಸುರುಳಿ ಹೊತ್ತು ಹೀರಪ್ಪನ ಶೆಡ್ಡಿಗೆ ಬಂದರು, ಬೇರೆ ಬೇರೆ ಮೋಟರ್‌ಸೈಕಲ್ ಮೇಲೆ. ನನ್ನನ್ನು ಕರೆಸಿದರು.

"ಪ್ರೊಫೆಸರ್, ಕಾಲ ಕೂಡಿಬಂದಿದೆ," ಎಂದ ಡೆರಿಕ್. "ಹೊಸ ವರ್ಷದ ದಿನ ಅಂಜುನಾದಲ್ಲಿ ಕಣ್ಣು ತೆರೆಸುತ್ತೇವೆ ಎಂದು ಎಲ್ಲ ಕಡೆ ಹೇಳಿಬಿಟ್ಟಿದ್ದೇವೆ. ಲಂಡನ್ನಿನಿಂದ ಕಂಪನಿಯವರೂ ಬರುತ್ತಿದ್ದಾರೆ. ಇದು ನಡೆದರೆ ಬ್ಯಾಂಡು ಉಳಿಯುತ್ತದೆ. ಇಲ್ಲದಿದ್ದರೆ ಇದೇ ಕೊನೆ."

ನಾನು ಹೀರಪ್ಪನ ಕಡೆ ತಿರುಗಿದೆ. "ಹೀರಪ್ಪಣ್ಣ," ಎಂದೆ. ಅಗತ್ಯ ಬಿದ್ದಾಗ ನಾನು ಅವನನ್ನು ಅಣ್ಣ ಎನ್ನುತ್ತೇನೆ. "ಇವ್ರು ಕಣ್ಣ ಬರದ ಕೊಡು ಅಂತಾರ. ಟೈಮ್ ಬಂದದ ಅಂತ."

"ಯಾವ ಟೈಮು?"

"ಕಣ್ಣ ಬಿಡಸೂ ಟೈಮು."

"ಹಂಗಂತ ಇವ್ರಿಗೆ ಯಾರ ಹೇಳಿದ್ರು?"

ನಾನು ತಗಡಿನ ಮಾಡನ್ನು ಪರೀಕ್ಷಿಸಿದೆ. "ಯಾರೋ ಹೇಳ್ಯಾರ."

ಹೀರಪ್ಪ ನನ್ನ ಮುಖವನ್ನೇ ನೋಡಿದ. ಅವನ ಹೆಂಡತಿ ಶಾರದವ್ವ ಚಹಾ ತಂದವಳು ನಿಂತೇಬಿಟ್ಟಳು.

"ಬರೀತೇನಿ," ಎಂದ ಹೀರಪ್ಪ. "ಆದ್ರ ಕಣ್ಣ ಬಿಡಿಸಿದ ಮ್ಯಾಲ ಹಿಂಗ ಸುರುಳಿ ಸುತ್ತಿ ಬಗಲಾಗ ಇಟಗೊಂಡ ತಿರಗಾಕ ಬರಂಗಿಲ್ಲ. ಒಂದ ಕಡೆ ಇರಬೇಕು. ದಿನಾ ದೀಪಾ ಹಚ್ಚಬೇಕು. ಯಾರ ಹಚ್ಚತಾರ ಕೇಳ್ರಿ."

"ನಮ್ಮ ಮನ್ಯಾಗಂತೂ ಬ್ಯಾಡ," ಎಂದಳು ಶಾರದವ್ವ. "ಇದ್ದ ದೇವ್ರಿಗೆ ಎಣ್ಣಿ ಹಾಕಿ ನನಗ ಸಾಕಾಗೈತಿ."

ದೀಪದ ಮಾತು ಹೇಳಿದೆ. "ನಾನು ಹಚ್ಚುತ್ತೇನೆ," ಎಂದ ಕಾಲಿನ್. ಡೆರಿಕ್ ನಕ್ಕ. "ನೀನಾ? ರೆಕಾರ್ಡಿಂಗಿಗೇ ಹೊತ್ತಿಗೆ ಸರಿಯಾಗಿ ಬರದವನು." ಕಾಲಿನ್ ಕೆಂಪಾದ. "ಬಂದಾಗ ನುಡಿಸಿದ್ದೇನೆ. ನೀನು ವೇದಿಕೆಯ ಮೇಲೆ ಟೇಪು ಹಾಕಿ ಕೈ ಬೀಸಿದವನು." ಆಮೇಲೆ ಬಂದ ಇಂಗ್ಲಿಷು ನಾನು ಬಿ.ಎ.ಯಲ್ಲಿ ಓದಿದ್ದಲ್ಲ.

"ಏನಂತಾರ?"

"ದೀಪಾ ಯಾರು ಹಚ್ಚಬೇಕು ಅಂತ ಮಾತಾಡ್ಲಿಕತ್ತಾರ."

"ಅದಕ್ಕ ಇಷ್ಟ ಒದರಬೇಕೇನು? ಇಬ್ರೂ ಒಂದs ಮನ್ಯಾಗ ಇರೂದಿಲ್ಲೇನು?"

"ಇಲ್ಲ. ಒಬ್ಬಂದು ಲಂಡನ್, ಒಬ್ಬಂದು ಬರ್ಲಿನ್."

"ಮತ್ತ ದೇವ್ರು ಯಾರ ಮನ್ಯಾಗ ಇರಬೇಕು? ಅದನ್ನ ಕೇಳ್ರಿ."

ಅಷ್ಟು ವರ್ಷಗಳಲ್ಲಿ ನಾನು ಅಲಂಕಾರವಿಲ್ಲದೆ ಅನುವಾದಿಸಿದ ವಾಕ್ಯ ಇದೊಂದೇ. ಅದೇ ಬ್ಯಾಂಡನ್ನು ಮುಗಿಸಿತು. ಇಬ್ಬರೂ ಜಗಳ ನಿಲ್ಲಿಸಿದರು. ಚಹಾ ಕುಡಿದರು. ಕಾಲಿನ್ ಎದ್ದು ಹೋದ. ಸ್ವಲ್ಪ ಹೊತ್ತಿನ ಮೇಲೆ ಡೆರಿಕ್ ಕೂಡ ಹೋದ. ಬಟ್ಟೆಯನ್ನು ಇಬ್ಬರೂ ಒಯ್ಯಲಿಲ್ಲ. ತಾನು ಒಯ್ಯದಿದ್ದರೂ ನಡೆದೀತು, ಇನ್ನೊಬ್ಬನಿಗೆ ಮಾತ್ರ ಸಿಗಬಾರದು ಎಂಬಂತಿತ್ತು. ಹೊಸ ವರ್ಷದ ದಿನ ಅಂಜುನಾದಲ್ಲಿ ಬೇರೆ ಯಾರೋ ನುಡಿಸಿದರಂತೆ. ಜನ ಅದಕ್ಕೂ ಕುಣಿದರಂತೆ.

ಮುಂದಿನ ಜೂನ್‌ನಲ್ಲಿ ಮಳೆ ಹಿಡಿದಾಗ ಶೆಡ್ಡಿನ ಕಡೆ ಹೋದೆ. ಹೀರಪ್ಪ ಆ ಬಟ್ಟೆಯನ್ನು ಬಾಗಿಲ ಮುಂದೆ ಚಪ್ಪರದಂತೆ ಎಳೆದು ಕಟ್ಟಿ ಕೆಳಗೆ ಕುಳಿತು ಬೋರ್ಡು ಬರೆಯುತ್ತಿದ್ದ. ಬಣ್ಣ ಅಲ್ಲಲ್ಲಿ ಉದುರಿತ್ತು, ಮೀಸೆ ಮಾತ್ರ ಗಟ್ಟಿಯಾಗಿತ್ತು. ನಾನೂ ಕೆಳಗೆ ಹೋಗಿ ನಿಂತೆ. ತಲೆಯ ಮೇಲೆ ಜರ್ಮನಿ, ಜಪಾನು ತಿರುಗಿ ಬಂದ ಮುಖ, ಅದರ ಮೇಲೆ ಟಪಟಪ ಮಳೆ. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನ್ನ ಅಭ್ಯಾಸವಲ್ಲ.

"ಹೀರಪ್ಪಣ್ಣ," ಎಂದೆ, ದನಿಯನ್ನು ತಕ್ಕಷ್ಟು ಆಳಕ್ಕೆ ಇಳಿಸಿ, "ಅಷ್ಟು ದೇಶ ತಿರುಗಿ, ಅಷ್ಟು ಲಕ್ಷ ಜನ ಎದುರಿಗೆ ಕುಣಿದದ್ದನ್ನ ಈ ವೀರಭದ್ರ ಯಾವ ದೃಷ್ಟಿಯಿಂದ ನೋಡಿರಬಹುದು?"

ಹೀರಪ್ಪ ಕುಂಚ ಎತ್ತಲಿಲ್ಲ.

"ಕಣ್ಣs ಬರದಿಲ್ಲಲ್ರೀ. ಹೆಂಗ ನೋಡತಾನ?"